ಮೆಟ್ಟಿ ನಡೆಯುವ ದೂಜಜ್ಜ

ಮೊದಲು ಕ್ಷಮೆ ಕೇಳಬೇಕು. ಈ ಕೈಬರಹ ಚೆನ್ನಾಗಿಲ್ಲ. ಸಾಲು ಬಲಕ್ಕೆ ಹೋಗುತ್ತ ಹೋಗುತ್ತ ಮೇಲೇರುತ್ತದೆ, ಎಷ್ಟು ಹಿಡಿದರೂ ಕೇಳುವುದಿಲ್ಲ. ಮಾತುಗಳೂ ಸಾಧಾರಣ. ಬರೆದವಳು ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟ ಯಕ್ಷಿತಾ. ಏಳನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದ್ದರಿಂದ ಇಷ್ಟಾದರೂ ಬರೆಯಲು ಬಂತು. ತಪ್ಪು ಕಂಡಲ್ಲಿ ಹೊಡೆದು ಮತ್ತೆ ಬರೆದಿದೆ. ಇದು ಅವಳ ಅಮ್ಮನ ಅಪ್ಪ ದೂಜಜ್ಜನ ಕತೆ. ನಡುವೆ ಯಕ್ಷಿತಾಳೂ ಬರುತ್ತಾಳೆ. ‘ನಾನು, ನಾನು’ ಎಂದು ಬರೆಯಲು ಅವಳಿಗೆ ನಾಚಿಕೆ. ಆದ್ದರಿಂದ ಎಲ್ಲರಂತೆ ಅವಳನ್ನೂ ಹೆಸರು ಹಿಡಿದೇ ಕರೆದಿದೆ.

ದೂಜಜ್ಜ ಮುಲುಂಡಿನ ಈ ಬಿಲ್ಡಿಂಗಿಗೆ ಬಂದದ್ದು ಅಜ್ಜಿ ತೀರಿಕೊಂಡ ಮೇಲೆ. ಅದಕ್ಕೆ ಮೊದಲು ಅವನ ಆಯುಷ್ಯವೆಲ್ಲ ಸಾಂತಾಕ್ರೂಜಿನ ಒಂದು ಉಡುಪಿ ಹೋಟೆಲಿನಲ್ಲಿ ಕಳೆದಿತ್ತು. ಮೀಸೆ ಮೂಡುವ ಮೊದಲೇ ಕಾಪು ಕಡೆಯಿಂದ ಬಂದು ಟೇಬಲ್ ಒರೆಸಿದವನು, ಆಮೇಲೆ ಸಪ್ಲಾಯರ್ ಆದವನು, ಕೊನೆಗೆ ಎಲ್ಲ ಸಪ್ಲಾಯರ್‌ಗಳಿಗೂ ‘ದೂಜಣ್ಣ’ ಆದವನು. ಈಗ ಮಗಳು ನಿಶಾ, ಅಳಿಯ ಪ್ರಶಾಂತ, ಮೊಮ್ಮಗಳು ಯಕ್ಷಿತಾ ಇರುವ ಮೂರನೇ ಮಹಡಿಯ ಬಾಡಿಗೆ ಮನೆಯೇ ಅವನ ಮನೆ. ಮಗ ಪ್ರೀತಮ್ ದಹಿಸರಿನ ಒಂದು ಚಾಳಿನಲ್ಲಿದ್ದಾನೆ. ಅಲ್ಲಿ ಇರುವುದು ಒಂದೇ ಕೋಣೆ. ಮಲಗಬೇಕಾದರೆ ಕಬ್ಬಿಣದ ಏಣಿ ಹತ್ತಿ ಮಾಳಿಗೆಗೆ ಹೋಗಬೇಕು.

ದೂಜಜ್ಜ ನಡೆದರೆ ಸದ್ದಾಗುತ್ತದೆ. ಸಣ್ಣ ಸದ್ದಲ್ಲ. ಅವನು ಹಾಲಿನಿಂದ ಅಡುಗೆಮನೆಗೆ ಹೋದರೆ ಶೋಕೇಸಿನ ಗಾಜಿನ ಲೋಟಗಳು ಒಂದನ್ನೊಂದು ಮುಟ್ಟಿ ಕಿಣಿ ಕಿಣಿ ಎನ್ನುತ್ತವೆ. ಮನೆಯಲ್ಲಿ ಯಾರೂ ಇದನ್ನು ದೊಡ್ಡದು ಮಾಡಿರಲಿಲ್ಲ. ಅದು ಹೋಟೆಲಿನ ನಡಿಗೆ ಎಂದು ಎಲ್ಲರಿಗೂ ಗೊತ್ತಿತ್ತು.

ಆ ಹೋಟೆಲಿನಲ್ಲಿ ಅಡುಗೆಮನೆಯಿಂದ ಹೊರಗೆ ಬರುವ ದಾರಿ ಇಕ್ಕಟ್ಟು. ನಡುವೆ ಒಂದು ಮೂಲೆ ತಿರುಗಬೇಕು. ಆಚೆಯಿಂದ ಬರುವವನು ಈಚೆಯವನಿಗೆ ಕಾಣುವುದಿಲ್ಲ. ಒಬ್ಬನ ಕೈಯಲ್ಲಿ ಕುದಿಯುವ ಸಾಂಬಾರಿನ ಬಕೆಟ್, ಇನ್ನೊಬ್ಬನ ಕೈಯಲ್ಲಿ ಎಂಜಲು ತಟ್ಟೆಗಳ ಅಟ್ಟಿ. ‘ಸೈಡ್, ಸೈಡ್’ ಎಂದು ಕೂಗುವುದು ಧಣಿಗೆ ಆಗುತ್ತಿರಲಿಲ್ಲ. “ಗಿರಾಕಿಗಳು ತಿಂಡಿಗೆ ಬಂದದ್ದಾ, ಮೀನು ಮಾರ್ಕೆಟಿಗೆ ಬಂದದ್ದಾ?” ಎಂದು ಬೈಯುತ್ತಿದ್ದರು. ಹಾಗಾಗಿ ಅಲ್ಲಿಯ ನಿಯಮವೆಂದರೆ ಮೆಟ್ಟಿ ಬರುವುದು. ಮೂಲೆ ಹತ್ತಿರವಾದಾಗ ಹೆಜ್ಜೆಯನ್ನು ಜೋರಾಗಿ ಊರಬೇಕು. ಕಾಲಿನ ಸದ್ದೇ ಹಾರ್ನ್. ಹೊಸದಾಗಿ ಬಂದಾಗ ಇದು ತಿಳಿಯದೆ ದೂಜ ಬೆಕ್ಕಿನ ಹಾಗೆ ಸದ್ದಿಲ್ಲದೆ ಹೋಗಿ ಮುಂಗೈ ಸುಟ್ಟುಕೊಂಡಿದ್ದ. ಆ ಕಲೆ ಇನ್ನೂ ಇದೆ. ಆಮೇಲೆ ಬಂದವರಿಗೆಲ್ಲ ಆ ಕೈ ತೋರಿಸಿಯೇ ಅವನು ಪಾಠ ಹೇಳಿದ್ದು.

ಇಂಥ ನಡಿಗೆಯ ಬಗ್ಗೆ ಒಂದು ದಿನ ಬಿಲ್ಡಿಂಗಿನವರ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಇಂಗ್ಲಿಷ್ ಮೆಸೇಜು ಬಂತು. ಹಾಕಿದವರು ಕೆಳಗಿನ ಮನೆಯ ಸತ್ಯಮೂರ್ತಿಯವರು. ಮೈಸೂರಿನ ಕಡೆಯವರು, ದೊಡ್ಡ ಕಂಪನಿಯಲ್ಲಿದ್ದು ರಿಟೈರ್ ಆದವರು. ಮೇಲಿನ ಮನೆಯ ಹಿರಿಯರು ದಿನವಿಡೀ ತಲೆಯ ಮೇಲೆ ‘ಕ್ಲೊಂಪ್’ ಮಾಡುತ್ತಾರೆ, ಹೃದಯದ ಆಪರೇಷನ್ ಆದ ತನಗೆ ಹಗಲು ನಿದ್ದೆ ಬೇಕೆಂದು ಡಾಕ್ಟರು ಹೇಳಿದ್ದಾರೆ, ಸೊಸೈಟಿಯವರು ಏನಾದರೂ ಮಾಡಬೇಕು ಎಂದು ಅದರಲ್ಲಿತ್ತು.

ಪ್ರಶಾಂತ ಅದನ್ನು ಓದಿ ಫೋನನ್ನು ಸೋಫಾದ ಮೇಲೆ ಎಸೆದ. “ಇದೆಂಥ ಶಬ್ದ ಯಾರ್? ಸ್ಟಾಂಪ್ ಗೊತ್ತು, ಜಂಪ್ ಗೊತ್ತು. ಬೈಯೋದಾದ್ರೆ ನಮಗೆ ಅರ್ಥ ಆಗೋ ಹಾಗೆ ಬೈಬೇಕಪ್ಪ!”

“ಅರ್ಥ ಕಟ್ಟಿಕೊಂಡು ಏನಾಗಬೇಕು?” ಎಂದಳು ನಿಶಾ. “ಕನ್ನಡದವರೇ ಅಲ್ವಾ ಅವರು? ಲಿಫ್ಟಿನಲ್ಲಿ ಸಿಕ್ಕಿದಾಗ ‘ಚೆನ್ನಾಗಿದ್ದೀರಾ’ ಅಂತಾರೆ. ಆಗ ಹೇಳಬಹುದಿತ್ತು. ಇಡೀ ಬಿಲ್ಡಿಂಗಿನ ಮುಂದೆ ಹಾಕಬೇಕಿತ್ತಾ?”

ದೂಜಜ್ಜ ಎದ್ದು ನೀರು ಕುಡಿಯಲು ಅಡುಗೆಮನೆಗೆ ಹೋದ. ಲೋಟಗಳು ಕಿಣಿ ಕಿಣಿ ಎಂದವು. ಮೂವರೂ ಶೋಕೇಸಿನ ಕಡೆಗೆ ನೋಡಿದರು.

ಮರುದಿನ ಮನೆಯ ಓನರ್ ಫೋನು ಮಾಡಿದರು. ಸೊಸೈಟಿಯ ಸೆಕ್ರೆಟರಿ ಅಮೋಲ್ ಈ ಸುದ್ದಿಯನ್ನು ಅವರಿಗೆ ಮುಟ್ಟಿಸಿದ್ದ. ಅಗ್ರಿಮೆಂಟು ಮುಗಿಯುತ್ತ ಬಂದಿದೆ, ಕಂಪ್ಲೇಂಟ್ ಇದ್ದವರನ್ನು ಮುಂದುವರಿಸುವುದು ಕಷ್ಟ, ಮೊದಲು ಅದನ್ನು ಸರಿಮಾಡಿಕೊಳ್ಳಿ ಎಂದರು. ಪ್ರಶಾಂತ ‘ಹೌದು ಸರ್, ಹೌದು ಸರ್’ ಎಂದು ಫೋನಿಟ್ಟ. ನಿಶಾ ಸ್ವರ ತಗ್ಗಿಸಿ, “ಸ್ವಲ್ಪ ದಿನ ಅಪ್ಪ ಪ್ರೀತಮ್ ಹತ್ತಿರ ಇರ್ಲಿ. ಅಗ್ರಿಮೆಂಟ್ ಆದ ಮೇಲೆ ಕರ್ಕೊಂಡು ಬರುವ” ಎಂದಳು. ಮುಂಬೈ ಮನೆಯ ಗೋಡೆಗಳಲ್ಲಿ ತಗ್ಗಿದ ಸ್ವರ ಎಲ್ಲಿ ನಿಲ್ಲುತ್ತದೆ? ಬಾಲ್ಕನಿಯಲ್ಲಿ ಕೂತಿದ್ದ ದೂಜಜ್ಜನಿಗೆ ಕೇಳಿತು. ‘ಸ್ವಲ್ಪ ದಿನ’ ಎಂದು ಊರಿನಿಂದ ಹೊರಟು ಆಯುಷ್ಯ ಕಳೆದವನು ಅವನು. ಆ ಮಾತಿನ ಅಳತೆ ಅವನಿಗೆ ಗೊತ್ತಿತ್ತು.

ಅಂದಿನಿಂದ ಮನೆಯಲ್ಲಿ ಕಾಲಿನದೇ ಮಾತು. ನಿಶಾ ದಪ್ಪ ರಬ್ಬರ್ ಚಪ್ಪಲಿ ತಂದಳು. ಹಾಲಿಗೆ, ಪ್ಯಾಸೇಜಿಗೆ ಮ್ಯಾಟ್ ಹಾಸಿದಳು.

“ಅಪ್ಪ, ಮೆಲ್ಲ. ಮೆಲ್ಲ!”

“ಮೆಲ್ಲವೇ ಹೋಗ್ತಾ ಇದ್ದೇನೆ ಮಾರಾಯ್ತಿ.”

“ಇದು ಮೆಲ್ಲವಾ? ಹಿಮ್ಮಡಿ ಯಾಕೆ ಹಾಗೆ ಕುಕ್ಕೋದು? ಹೋಟೆಲ್ ಬಿಟ್ಟು ವರ್ಷ ಎಷ್ಟಾಯ್ತು? ಇಲ್ಲಿ ಯಾರು ಸಾಂಬಾರ್ ಹಿಡ್ಕೊಂಡು ಎದುರು ಬರ್ತಾರೆ?”

“ಅಭ್ಯಾಸ ಮಗಾ. ಕಾಲಿಗೆ ಕಿವಿ ಉಂಟಾ, ಹೇಳಿದ್ದು ಕೇಳ್ಲಿಕ್ಕೆ?”

ವಿಚಿತ್ರವೆಂದರೆ ರಬ್ಬರ್ ಚಪ್ಪಲಿ ಬಂದ ಮೇಲೆ ಅವನು ಇನ್ನೂ ಜೋರಾಗಿ ಮೆಟ್ಟತೊಡಗಿದ. ಮ್ಯಾಟಿನ ಮೇಲೆ ಕಾಲಿಡುವಾಗ ಗೋಡೆ ಹಿಡಿಯುತ್ತಿದ್ದ. ಒಮ್ಮೆ ಪ್ಯಾಸೇಜಿನಲ್ಲಿ ಮುಗ್ಗರಿಸಿ ಬಾಗಿಲಿನ ಚಿಲಕ ಹಿಡಿದು ನಿಂತ. ನಿಶಾಳಿಗೆ ಇದು ಬೇಕೆಂದೇ ಮಾಡುವ ಹಟದಂತೆ ಕಂಡಿತು. “ಸಣ್ಣ ಮಕ್ಕಳ ಹಾಗೆ ಮಾಡ್ತೀರಿ” ಎಂದಳು. ದೂಜಜ್ಜನ ಮುಖ ಕೆಂಪಾಯಿತು. ಗಿರಾಕಿಗಳಿಂದ ಎಷ್ಟೋ ಬೈಗುಳ ತಿಂದು ನಗುತ್ತ ನಿಂತವನು ಮಗಳ ಆ ಮಾತಿಗೆ ಊಟದ ತಟ್ಟೆ ಬಿಟ್ಟು ಎದ್ದ. ಎದ್ದು ನಡೆದದ್ದಕ್ಕೂ ಸದ್ದಾಯಿತು. ಸಿಟ್ಟಿನಿಂದ ಮೆಟ್ಟಿದ ಎಂದು ಅದಕ್ಕೂ ಮಾತು ಬಂತು. ಗುಂಪಿನಲ್ಲಿ ಮತ್ತೊಂದು ಮೆಸೇಜೂ ಬಂತು. ಪರಿಸ್ಥಿತಿ ಸುಧಾರಿಸಿಲ್ಲ, ಹೆಚ್ಚಾಗಿದೆ ಎಂದು ಅದರಲ್ಲಿತ್ತು.

ಇಷ್ಟರ ನಡುವೆ ಯಕ್ಷಿತಾಳ ತಲೆಯಲ್ಲಿ ಆ ಪದ ಕೂತುಬಿಟ್ಟಿತ್ತು. ಹೈಸ್ಕೂಲಿನಲ್ಲಿ ಎದ್ದು ನಿಂತು ಇಂಗ್ಲಿಷ್ ಓದುವಾಗ ಅವಳ ಸ್ವರವೇ ಹೊರಡುತ್ತಿರಲಿಲ್ಲ. ಹಿಂದಿನ ಬೆಂಚುಗಳು ನಗುತ್ತಿದ್ದವು. ಅವಳು ಶಾಲೆ ಬಿಟ್ಟದ್ದು ಅದಕ್ಕೇ. ಈಗ ಮನೆಯಲ್ಲೇ ಕೂತು ಸೀರೆಗಳಿಗೆ ಫಾಲ್ ಹೊಲಿಯುತ್ತಾಳೆ. ಯಾರೂ ನಗದಿರುವಾಗ ಒಂದು ಇಂಗ್ಲಿಷ್ ಪದವನ್ನು ನಿಧಾನವಾಗಿ ಬಿಡಿಸಿ ನೋಡುವುದು ಅವಳಿಗೆ ಇಷ್ಟ. ಸೂಜಿ ಬದಿಗಿಟ್ಟು ಫೋನಿನಲ್ಲಿ ಹುಡುಕಿದಳು. ಒಂದು ಕಡೆ ಓದಿದ್ದನ್ನು ಇನ್ನೊಂದು ಕಡೆ ತಾಳೆ ನೋಡಿದಳು.

ಅರ್ಥ ಸುಲಭವಾಗಿತ್ತು. ಭಾರವಾಗಿ, ಸದ್ದು ಮಾಡುತ್ತ ನಡೆಯುವುದು. ಬರೆಯುವಾಗ ಕಡಿಮೆ, ಮಾತಾಡುವಾಗ ಹೆಚ್ಚು ಬಳಸುವ ಪದ. ಹುಟ್ಟು ಮಾತ್ರ ಅಷ್ಟು ಸುಲಭವಿರಲಿಲ್ಲ. ಇದೇ ಅರ್ಥದ ‘ಕ್ಲಂಪ್’ ಎಂಬ ಹಳೆಯ ಪದದ ಇನ್ನೊಂದು ರೂಪ ಇದು ಎಂದಿತ್ತು. ಅದಕ್ಕೆ ಡಚ್ ಭಾಷೆಯಲ್ಲಿ ಒಬ್ಬ ನೆಂಟನಿದ್ದಾನೆ. ಆ ನೆಂಟನಿಗೆ ಮುದ್ದೆ, ಗಟ್ಟಿ ತುಂಡು ಎಂಬ ಅರ್ಥವಿದೆ, ಅಲ್ಲಿಯವರು ಕೆಸರಿನಲ್ಲಿ ತೊಡುವ ಮರದ ಪಾದರಕ್ಷೆಗೂ ಅದೇ ಹೆಸರು. ಮರದ ಮೆಟ್ಟು ತೊಟ್ಟವನ ನಡಿಗೆಗೆ ಆ ಹೆಸರು ಬಂದಿರಬಹುದು. ಇಲ್ಲವೇ ಸದ್ದು ಕೇಳಿಯೇ ಜನ ಹಾಗೆ ಅಂದಿರಬಹುದು, ನಾವು ದಡದಡ, ಧೊಪ್ ಧೊಪ್ ಎನ್ನುವ ಹಾಗೆ. ಎಲ್ಲ ಕಡೆಯೂ ‘ಇರಬಹುದು’ ಎಂದೇ ಇತ್ತು, ‘ಹೌದು’ ಎಂದು ಎಲ್ಲೂ ಇರಲಿಲ್ಲ. ಇದರಿಂದ ಯಕ್ಷಿತಾಳಿಗೆ ಸ್ವಲ್ಪ ಬೇಸರವಾಯಿತು.

ಮಧ್ಯಾಹ್ನ ದೂಜಜ್ಜ ಅವಳ ಎದುರು ಕೂತಿದ್ದಾಗ ಇದನ್ನೆಲ್ಲ ಹೇಳಿದಳು. ಎಷ್ಟೋ ದಿನಗಳ ಮೇಲೆ ಅವನು ನಕ್ಕ.

“ಮರದ ಮೆಟ್ಟಾ? ಹಾಗಾದ್ರೆ ಆ ಮೂರ್ತಿ ಸಾರ್ ಬರೆದದ್ದು ಸರಿಯೇ ಉಂಟು. ನನಗೆ ಬೇರೆ ಮೆಟ್ಟು ಬೇಡ. ಕಾಲೇ ಮರ ಆಗಿದೆ.”

ಯಕ್ಷಿತಾ ತಮಾಷೆ ಎಂದುಕೊಂಡು ನಕ್ಕಳು. ಅಜ್ಜ ಇಂಥ ಮಾತು ಆಡುವವನೇ. ದೋಸೆ ಗಟ್ಟಿಯಾದರೆ ‘ಕ್ರಿಕೆಟ್ ಬ್ಯಾಟಿಗೆ ಆಗ್ತದೆ’ ಎನ್ನುವವನು.

ಅದಾಗಿ ಸ್ವಲ್ಪ ದಿನಕ್ಕೆ, ನಿಶಾ ಮಾರ್ಕೆಟಿಗೆ ಹೋಗಿದ್ದಾಗ, ದೂಜಜ್ಜ ಬಚ್ಚಲಿನಿಂದ ಬಾಲ್ಕನಿಗೆ ನಡೆದು ಹೋದ. ಧೊಪ್, ಧೊಪ್. ಸೀರೆ ಹರವಿಕೊಂಡು ನೆಲದ ಮೇಲೆ ಕೂತಿದ್ದ ಯಕ್ಷಿತಾಳ ಕಣ್ಣಿಗೆ ಅವನ ಕಾಲುಗಳು ಮಾತ್ರ ಕಂಡವು. ಒಂದರಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಚಪ್ಪಲಿ ಬಚ್ಚಲಿನ ಬಾಗಿಲಲ್ಲೇ ಉಳಿದಿತ್ತು.

“ಅಜ್ಜ, ನಿನ್ನ ಒಂದು ಚಪ್ಪಲಿ ಎಲ್ಲಿ?”

“ಕಾಲಲ್ಲಿ ಉಂಟಲ್ಲ.”

“ಎಡಗಾಲಿನದು?”

ಅವನು ಬಗ್ಗಿ ನೋಡಿದ. ನೋಡಿದ ಮೇಲಷ್ಟೇ ಅವನಿಗೆ ತಿಳಿಯಿತು. ತಿಳಿದದ್ದನ್ನು ಮುಚ್ಚಲು ಬೇಗ ತಿರುಗಿದ. ತಿರುಗುವಾಗ ಆ ಕಾಲು ಮೇಲೆದ್ದಿತು. ಹಿಮ್ಮಡಿಯಲ್ಲಿ ಒಂದು ಹಸಿರು ಚುಕ್ಕೆ ಕಂಡಿತು. ಅದು ಯಕ್ಷಿತಾ ಫಾಲ್ ಹಿಡಿಸಲು ಸಿಕ್ಕಿಸುವ ಗುಂಡುಪಿನ್ನಿನ ತಲೆ. ಪಿನ್ನು ಪೂರ್ತಿ ಒಳಗಿತ್ತು.

ಅವಳು ಅವನನ್ನು ಕುರ್ಚಿಯಲ್ಲಿ ಕೂರಿಸಿದಳು. ಪಿನ್ನನ್ನು ಎಳೆದಳು. ರಕ್ತದ ಒಂದು ಹನಿ ಬಂತು. ದೂಜಜ್ಜ ಕಿಟಕಿಯ ಕಡೆ ನೋಡುತ್ತಲೇ ಇದ್ದ.

“ನೋವಾಗಲಿಲ್ಲವಾ?”

“ತೆಗೆದು ಆಯ್ತಾ?” ಎಂದ ಅವನು.

ಆಗ ಅವಳಿಗೆ ‘ಕಾಲೇ ಮರ ಆಗಿದೆ’ ಎಂದದ್ದು ನೆನಪಾಯಿತು. ರಬ್ಬರ್ ಚಪ್ಪಲಿ ಹಾಕಿದ ಮೇಲೆ ಸದ್ದು ಹೆಚ್ಚಾದದ್ದು, ಮ್ಯಾಟಿನ ಮೇಲೆ ಗೋಡೆ ಹಿಡಿಯುವುದು, ಎಲ್ಲವೂ ಒಂದರ ಹಿಂದೆ ಒಂದು ನೆನಪಾದವು. ಅಜ್ಜ ಮೆಟ್ಟುತ್ತಿದ್ದುದು ಹೋಟೆಲಿನ ಅಭ್ಯಾಸದಿಂದಲ್ಲ. ನೆಲ ಸಿಕ್ಕಿತೋ ಇಲ್ಲವೋ ಎಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಸದ್ದು ಕೇಳಿದರೆ ಮಾತ್ರ ಕಾಲು ಊರಿದೆ ಎಂದು ತಿಳಿಯುತ್ತಿತ್ತು. ಚಪ್ಪಲಿ, ಮ್ಯಾಟ್ ತಂದು ಅವರು ಆ ಸದ್ದನ್ನೂ ಕಿತ್ತುಕೊಂಡಿದ್ದರು.

“ಯಾವಾಗಿನಿಂದ ಅಜ್ಜ?”

“ಶುರುವಿಗೆ ನನಗೂ ಗೊತ್ತಾಗಲಿಲ್ಲ ಮಗಾ. ಮೊದಲಿಂದ ಮೆಟ್ಟಿ ನಡೆಯುವವನಲ್ಲವಾ. ಅದೇ ಅಭ್ಯಾಸ ಅಂದುಕೊಂಡೆ. ಹತ್ತಿಯ ಮೇಲೆ ನಡೆದ ಹಾಗೆ ಆಗ್ಲಿಕ್ಕೆ ಶುರುವಾದಾಗ ಗೊತ್ತಾಯ್ತು. ನನ್ನ ಹಾಗೆ ಸಕ್ಕರೆ ಕಾಯಿಲೆ ಇದ್ದವರಿಗೆ ಹಾಗೆ ಆಗ್ತದಂತೆ. ನಮ್ಮ ಹೋಟೆಲಿನ ಭಟ್ಟರಿಗೂ ಆಗಿತ್ತು.” ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು ಹೇಳಿದ: “ಅಮ್ಮನಿಗೆ ಹೇಳಬೇಡ. ಸದ್ದು ಮಾಡುವವನನ್ನೇ ದಹಿಸರಿಗೆ ಕಳಿಸ್ಲಿಕ್ಕೆ ನೋಡ್ತಾಳೆ. ಕಾಲೂ ಇಲ್ಲ ಅಂತಾದ್ರೆ ಕೇಳುವುದೇ ಬೇಡ.”

ಯಕ್ಷಿತಾ ನೆಲದ ಮೇಲಿದ್ದ ಪಿನ್ನುಗಳನ್ನೆಲ್ಲ ಹುಡುಕಿ ಹುಡುಕಿ ಡಬ್ಬಿಗೆ ಹಾಕಿದಳು. ಸಂಜೆಯವರೆಗೆ ಒಂದು ಸೀರೆಯ ಫಾಲನ್ನೂ ಮುಗಿಸಲಾಗಲಿಲ್ಲ. ಹೇಳಿದರೆ ಅಜ್ಜನ ಮಾತು ಮೀರಿದ ಹಾಗೆ. ಹೇಳದಿದ್ದರೆ ಮುಂದಿನ ಸಲ ಪಿನ್ನಲ್ಲ, ಗಾಜು ಇದ್ದರೆ? ದಹಿಸರಿನ ಆ ಏಣಿ ಇದ್ದರೆ? ಏಣಿಯ ಮೆಟ್ಟಿಲು ಕಾಲಿಗೆ ಸಿಗದೆ ಅಜ್ಜ ಗಾಳಿಯಲ್ಲಿ ಹೆಜ್ಜೆ ಇಡುವುದು ಅವಳ ಕಣ್ಣಿಗೆ ಕಟ್ಟಿತು. ಅಲ್ಲಿಗೆ ಅವಳ ಯೋಚನೆ ಮುಗಿಯಿತು.

ಚಹಾದ ಹೊತ್ತಿಗೆ, ಎಲ್ಲರೂ ಇದ್ದಾಗ ಹೇಳಿದಳು. ಈ ಸಲ ಸ್ವರ ನಿಲ್ಲಲಿಲ್ಲ. ಹಸಿರು ತಲೆಯ ಪಿನ್ನನ್ನು ಟೀಪಾಯಿಯ ಮೇಲಿಟ್ಟಳು.

ನಿಶಾ ಪಿನ್ನನ್ನೂ ಅಪ್ಪನ ಕಾಲನ್ನೂ ನೋಡಿದಳು. “ಹೇಳ್ಲಿಕ್ಕೆ ಬಾಯಿ ಇರಲಿಲ್ಲವಾ ನಿಮಗೆ?” ಎಂದು ಕೂಗಿದಳು. “ನಾನು ದಿನಾ ಬೈತಾ ಇದ್ದೆ, ನೀವು ಬೈಸಿಕೊಳ್ತಾ ಇದ್ರಿ! ಹಟ ಅಂದೆ, ಸಣ್ಣ ಮಕ್ಕಳ ಹಾಗೆ ಅಂದೆ. ಆಗಲೂ ಸುಮ್ಮನೆ ಇದ್ರಿ. ನನ್ನನ್ನು ಏನು ಅಂದುಕೊಂಡಿದ್ದೀರಿ?” ಅಳು ಬಂದದ್ದಕ್ಕೂ ಅವಳಿಗೆ ಸಿಟ್ಟು ಬಂದು ಮ್ಯಾಟುಗಳನ್ನೆಲ್ಲ ಸುತ್ತಿ ಬಾಗಿಲ ಹೊರಗೆ ಎಸೆದಳು. ಒಳಗೆ ಬಂದವಳು, “ಇನ್ನು ದಹಿಸರಿನ ಮಾತು ಈ ಮನೆಯಲ್ಲಿ ಯಾರೂ ಎತ್ತಬಾರದು. ಏಣಿ ಹತ್ತುವ ಕಾಲಾ ಇದು?” ಎಂದಳು. ಎತ್ತಿದವಳು ತಾನೇ ಎಂಬುದು ಆಗ ಅವಳಿಗೆ ನೆನಪಿರಲಿಲ್ಲ. ಯಾರೂ ನೆನಪಿಸಲಿಲ್ಲ.

ಪ್ರಶಾಂತ ಫೋನು ತೆಗೆದ. “ಈಗಲೇ ಗ್ರೂಪಿಗೆ ಹಾಕ್ತೇನೆ. ಎಲ್ಲರಿಗೂ ಗೊತ್ತಾಗ್ಲಿ.”

“ಬೇಡ” ಎಂದ ದೂಜಜ್ಜ. “ನನ್ನ ಕಾಲನ್ನು ಇಡೀ ಬಿಲ್ಡಿಂಗಿಗೆ ಬಡಿಸಬೇಡ. ಒಂದು ಮಹಡಿ ಕೆಳಗೆ ಇದ್ದಾರಲ್ಲ. ನಾನೇ ಹೋಗ್ತೇನೆ.”

ಲಿಫ್ಟಿಗೆ ಬಾ ಎಂದರೆ ಕೇಳಲಿಲ್ಲ. ಮೆಟ್ಟಿಲಲ್ಲೇ ಇಳಿದ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಯಕ್ಷಿತಾಳ ಭುಜ. ಒಂದೊಂದು ಮೆಟ್ಟಿಲನ್ನೂ ಮೆಟ್ಟಿ, ಸದ್ದು ಕೇಳಿಸಿಕೊಂಡು, ಆಮೇಲೆ ಇನ್ನೊಂದು. ಅವರು ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. ಸತ್ಯಮೂರ್ತಿಯವರ ಹೆಂಡತಿ ಸುಬ್ಬಲಕ್ಷ್ಮಿ ನಿಂತಿದ್ದರು.

“ಸದ್ದಿನಲ್ಲೇ ಗೊತ್ತಾಯ್ತು. ಬನ್ನಿ, ಬನ್ನಿ ಒಳಗೆ.”

ಸತ್ಯಮೂರ್ತಿಯವರು ಎದೆಗೆ ದಿಂಬು ಒತ್ತಿಕೊಂಡು ಕೂತಿದ್ದರು. ಜಗಳಕ್ಕೇ ಬಂದಿದ್ದಾರೆ ಎಂದುಕೊಂಡರೋ ಏನೋ, ಮುಖ ಬಿಗಿದುಕೊಂಡಿತ್ತು. ದೂಜಜ್ಜ ನಿಂತುಕೊಂಡೇ ವಿಷಯ ಹೇಳಿದ. ಹೆಚ್ಚು ಮಾತಾಡಲಿಲ್ಲ, ಕಡಿಮೆಯೂ ಮಾಡಲಿಲ್ಲ.

“ಅಯ್ಯೋ, ನನಗೆ ತಿಳಿದಿದ್ರೆ ಬರೀತಿರಲಿಲ್ಲ” ಎಂದರು ಸತ್ಯಮೂರ್ತಿಯವರು. “ಆದ್ರೆ ನೋಡಿ, ಸದ್ದು ಸದ್ದೇ. ಕಾರಣ ಗೊತ್ತಾದ ಮಾತ್ರಕ್ಕೆ ನನಗೆ ನಿದ್ದೆ ಬರಲ್ವಲ್ಲ ಸ್ವಾಮಿ.”

“ಅದೂ ಸರಿ” ಎಂದ ದೂಜಜ್ಜ.

“ಪದವನ್ನಾದ್ರೂ ಯೋಚನೆ ಮಾಡಿಯೇ ಹಾಕಿದ್ದೆ. ಸ್ಟಾಂಪ್ ಅಂತ ಬರೆದು ಅಳಿಸಿದೆ. ಅದು ಸಿಟ್ಟಿನಲ್ಲಿ ಕಾಲು ಅಪ್ಪಳಿಸೋದು. ನಿಮ್ಮದು ಸಿಟ್ಟಲ್ಲ, ಭಾರ ಅಂತ ಕೇಳಿದ್ರೆ ತಿಳೀತಿತ್ತು. ಅದಕ್ಕೇ ಆ ಪದ.”

ದೂಜಜ್ಜ ಅವರನ್ನೇ ನೋಡಿದ. “ಅಷ್ಟು ಯೋಚನೆ ಮಾಡುವ ಹೊತ್ತಿನಲ್ಲಿ ಒಂದು ಮಾತು ಹೇಳಿ ಕಳಿಸಬಹುದಿತ್ತಲ್ಲ ಸಾರ್.”

ಸತ್ಯಮೂರ್ತಿಯವರು ಎದೆಯ ದಿಂಬನ್ನು ಸರಿಪಡಿಸಿಕೊಂಡರು. ಸುಬ್ಬಲಕ್ಷ್ಮಿಯವರೇ ಬಾಯಿ ತೆರೆದರು. “ನಾನು ಅಂದೆ. ಹೋಗಿ ಹೇಳಿ ಬರ್ತೀನಿ ಅಂದೆ. ಇವರು ಬಿಡಬೇಕಲ್ಲ, ಪ್ರೊಸೀಜರ್ ಅಂದ್ರು. ಕೂತ್ಕೊಳ್ಳಿ ನೀವು. ಮಧ್ಯಾಹ್ನ ಊಟ ಆದ್ಮೇಲೆ ಇವರು ಮಲಗ್ತಾರೆ, ಆ ಹೊತ್ತು ಮಾತ್ರ…”

“ಆ ಹೊತ್ತು ಕೂತಿರ್ತೇನೆ ಅಮ್ಮ. ಕೂತು ಅಭ್ಯಾಸ ಇಲ್ಲ. ಕಲಿಯುವ.”

ಹೊರಡುವಾಗ ಸತ್ಯಮೂರ್ತಿಯವರು ಯಕ್ಷಿತಾಳಿಗೆ ಫೋನು ತೋರಿಸಿ, ಗುಂಪಿನಲ್ಲಿ ಹಾಕಿದ್ದನ್ನು ಅಳಿಸುವುದು ಹೇಗೆ ಎಂದು ಕೇಳಿದರು. ತುಂಬ ದಿನವಾಗಿದ್ದರಿಂದ ಈಗ ಎಲ್ಲರ ಫೋನಿನಿಂದ ಅದು ಹೋಗುವುದಿಲ್ಲ ಎಂದು ಅವಳು ಮೆಲ್ಲನೆ ಹೇಳಿದಳು. ಓನರಿಗೆ ತಾವೇ ಫೋನು ಮಾಡುವುದಾಗಿ ಅವರು ಹೇಳಿದರು. ಮಾಡಿದ್ದಾರೋ ಇಲ್ಲವೋ ಇದನ್ನು ಬರೆಯುವವರೆಗೆ ಗೊತ್ತಾಗಿಲ್ಲ. ಓನರೂ ಮತ್ತೆ ಫೋನು ಮಾಡಿಲ್ಲ. ಪ್ರಶಾಂತ ದಿನಾ ‘ಏನಂತೆ?’ ಎನ್ನುತ್ತಾನೆ, ನಿಶಾ ‘ನನ್ನನ್ನು ಕೇಳಬೇಡಿ’ ಎನ್ನುತ್ತಾಳೆ. ಮಧ್ಯಾಹ್ನ ದೂಜಜ್ಜ ಕುರ್ಚಿಯಲ್ಲಿ ಕೈಕಟ್ಟಿ ಕೂರುತ್ತಾನೆ, ಧಣಿ ಬೈದು ಮೂಲೆಯಲ್ಲಿ ಕೂರಿಸಿದವನ ಹಾಗೆ. ಮನೆ ಉಳಿಯುತ್ತದೋ ಗೊತ್ತಿಲ್ಲ. ಹೋಗುವುದಾದರೆ ನಾಲ್ವರೂ ಒಟ್ಟಿಗೆ ಹೋಗುವುದು ಎಂದಷ್ಟು ತೀರ್ಮಾನವಾಗಿದೆ.

ನಾಳೆ ಬೆಳಿಗ್ಗೆ ಯಕ್ಷಿತಾ ಅಜ್ಜನನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾಳೆ. ಕಾಲು ಎಷ್ಟು ಮರಗಟ್ಟಿದೆ ಎಂದು ಅಲ್ಲಿ ನೋಡುತ್ತಾರಂತೆ. ಡಾಕ್ಟರು ಕೇಳಿದ್ದಕ್ಕೆ ಅಜ್ಜ ತಮಾಷೆ ಮಾಡಿ ತಪ್ಪಿಸಿಕೊಂಡರೆ ಅವಳೇ ಜೋರಾಗಿ ಉತ್ತರ ಹೇಳುತ್ತಾಳೆ. ದಾರಿಯಲ್ಲಿ ಅವನ ಎಡಗಾಲಿನಲ್ಲಿ ಚಪ್ಪಲಿ ಇದೆಯೇ ಎಂದು ನೋಡುತ್ತಿರುತ್ತಾಳೆ.